ಒಳಪಟ್ಟಿಯ ಅಳತೆ

ನನ್ನ ಮೊದಲ ಪುಸ್ತಕ ಅಂಗಡಿಗೆ ಬಂದ ದಿನ ಅಕ್ಕ ಅದನ್ನು ಓದಲಿಲ್ಲ. ತಿರುಗಿಸಿ ಬೆನ್ನಿನ ಹೊಲಿಗೆ ನೋಡಿದಳು.

"ಬರೀ ಅಂಟು ಹಾಕಿದ್ದಾರೆ ಕಣೇ, ಹೊಲಿಗೇನೇ ಇಲ್ಲ. ನಾಲ್ಕು ಸಲ ತೆರೆದ್ರೆ ಹಾಳೆ ಉದುರುತ್ತೆ," ಎಂದಳು.

ನನಗೆ ಸಿಟ್ಟು ಬಂತು. ಹತ್ತು ವರ್ಷ ಊಟದ ಬಿಡುವಿನಲ್ಲಿ, ಹಳೇ ಬಿಲ್ಲುಗಳ ಹಿಂಬದಿಯಲ್ಲಿ ಬರೆದು ಕೂಡಿಸಿದ್ದು ಅದು. ಅದರ ಮೊದಲ ವಿಮರ್ಶೆ ಅಂಟಿನ ಬಗ್ಗೆ! ನನಗೆ ಸಿಟ್ಟು ಬೇಗ ಬರುತ್ತದೆ, ಅದನ್ನು ಮುಚ್ಚಿಡುವುದೇನಿದೆ. ಆದರೆ ಅಕ್ಕ ಹೇಳಿದ್ದು ನಿಜವೇ ಆಗಿತ್ತು. ಎರಡನೇ ವಾರಕ್ಕೆ ನನ್ನ ಪ್ರತಿಯಿಂದ ಮೂವತ್ತೆರಡನೇ ಪುಟ ಕಳಚಿ ಕೈಗೆ ಬಂತು.

ಅಂಗಡಿ ಅಕ್ಕನದು. ಹೆಂಗಸರ ಉಡುಪು ಹೊಲಿಯುತ್ತೇವೆ. ಕತ್ತರಿ ಹಿಡಿಯುವುದು ಅವಳು. ಅಳತೆ ತೆಗೆಯುವುದು, ಹೊಲಿಯುವುದು, ಟ್ರಯಲ್ ನೋಡುವುದು ನಾನು. ಒಂದು ಕಟಿಂಗ್ ಮೇಜು, ಎರಡು ಮಷೀನು, ಮೂಲೆಯಲ್ಲಿ ಪರದೆ ಎಳೆದು ಮಾಡಿದ ಟ್ರಯಲ್ ಕೋಣೆ. ಆ ಪರದೆಯ ಒಳಗೆ ಕೈ ಎತ್ತಿ ನಿಂತ ಹೆಂಗಸು ಎರಡು ನಿಮಿಷ ಸುಮ್ಮನಿದ್ದರೆ ಹೆಚ್ಚು. ಮೂರನೇ ನಿಮಿಷಕ್ಕೆ ಅತ್ತೆಯ ಸುದ್ದಿಯೋ ಗಂಡನ ಸುದ್ದಿಯೋ ಆಫೀಸಿನ ಸುದ್ದಿಯೋ ಬಂದೇ ಬರುತ್ತದೆ. ಇಪ್ಪತ್ತು ವರ್ಷ ಕೊರಳಿಗೆ ಟೇಪು ಹಾಕಿಕೊಂಡು ನಾನು ಕೇಳಿಸಿಕೊಂಡದ್ದೇ ಪುಸ್ತಕವಾಗಿತ್ತು. ಹದಿನೇಳು ಅಧ್ಯಾಯ, ಹದಿನೇಳು ಹೆಂಗಸರು. 'ಪರದೆಯ ಈಚೆ' ಎಂದು ಹೆಸರಿಟ್ಟಿದ್ದೆ.

ಪ್ರಕಾಶಕರದು ಕನ್ನಡಕದಂಗಡಿಯ ಮೇಲಿನ ಒಂದು ಕೋಣೆ. ಹಸ್ತಪ್ರತಿ ಓದಿದವರೇ ಒಂದು ಷರತ್ತು ಹಾಕಿದ್ದರು.

"ಯಾರಿಗೂ ಗುರುತು ಸಿಗಬಾರದು, ನೋಡಿ. ನಾಳೆ ಯಾರ ಯಜಮಾನ್ರೋ ಬಂದು ನನ್ನ ಕೊರಳಪಟ್ಟಿ ಹಿಡಿಯೋದು ಬೇಡ."

ನಾನು ಶ್ರದ್ಧೆಯಿಂದ ಎಲ್ಲವನ್ನೂ ಬದಲಾಯಿಸಿದೆ. ದಪ್ಪ ಕನ್ನಡಕದವಳ ಕನ್ನಡಕ ತೆಗೆದೆ, ಮಕ್ಕಳಿಲ್ಲದವಳಿಗೆ ಮೂರು ಮಕ್ಕಳನ್ನು ಕೊಟ್ಟೆ, ಬೇಕರಿಯಾಕೆಯನ್ನು ಹೂವಿನಂಗಡಿಗೆ ಕಳಿಸಿದೆ. ಒಂದನ್ನು ಮಾತ್ರ ಬದಲಾಯಿಸಲಿಲ್ಲ. ಪ್ರತಿ ಅಧ್ಯಾಯವೂ ಆ ಹೆಂಗಸಿನ ಅಳತೆಯಿಂದ ಶುರುವಾಗುತ್ತಿತ್ತು: ಭುಜ ಇಷ್ಟು, ಎದೆ ಇಷ್ಟು, ಸೊಂಟ ಇಷ್ಟು, ತೋಳು ಇಷ್ಟು. ಆ ಅಂಕಿಗಳೆಲ್ಲ ನಿಜವಾದವು, ಕಾಲು ಇಂಚಿನವರೆಗೂ.

ಯಾಕೆ ಅಂದರೆ, ನನ್ನ ಕೈ ಸುಳ್ಳು ಅಳತೆ ಬರೆಯುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬರ ಭುಜವನ್ನು ಕಣ್ಣಂದಾಜಿನಲ್ಲಿ ಬರೆದು ಕೋಟಿನ ಬಟ್ಟೆ ಪೂರ್ತಿ ಹಾಳಾಗಿತ್ತು. ಅಕ್ಕ ಗಿರಾಕಿಯ ಎದುರಿಗೇ ಮರದ ಸ್ಕೇಲಿನಿಂದ ನನ್ನ ಅಂಗೈಗೆ ಬಾರಿಸಿ, "ಗೊತ್ತಿಲ್ದಿದ್ರೆ ಖಾಲಿ ಬಿಡು. ಬಾಯಿಗೆ ಬಂದ ಅಳತೆ ಬರೀಬೇಡ," ಎಂದಿದ್ದಳು. ಆವತ್ತಿನಿಂದ ಅಳತೆ ಎಂದರೆ ನನಗೆ ಪ್ರಮಾಣ ಮಾಡಿದ ಹಾಗೆ. ಕತೆಗೆ ಕಟ್ಟಿದ ಅಂಕಿ ಹಾಕಲು ನಾಲ್ಕು ಸಲ ಪ್ರಯತ್ನಿಸಿದೆ. ಮೂವತ್ತೆಂಟರ ಸೊಂಟದವಳಿಗೆ ಮೂವತ್ತು ಎಂದು ಬರೆದ ಕೂಡಲೇ ಅವಳು ನಡೆಯುವ ರೀತಿಯೇ ಸುಳ್ಳಾಗಿ ಕಾಣುತ್ತಿತ್ತು. ಇರಲಿ, ಅಂಕಿ ನೋಡಿ ಯಾರು ಯಾರನ್ನು ಗುರುತಿಸುತ್ತಾರೆ ಎಂದು ಹಾಗೇ ಬಿಟ್ಟೆ.

ಅಂಗಡಿಯ ಪದ್ಧತಿ ನನಗೆ ಆಗ ನೆನಪಾಗಲಿಲ್ಲ. ನಾವು ಹೊಲಿದ ಪ್ರತಿ ಉಡುಪಿನ ಪಕ್ಕದ ಹೊಲಿಗೆಯ ಒಳಗೆ ಬೆರಳಗಲದ ಬಿಳಿ ಪಟ್ಟಿಯೊಂದನ್ನು ಸೇರಿಸುತ್ತೇವೆ. ಅದರ ಮೇಲೆ ಒಗೆದರೂ ಹೋಗದ ಶಾಯಿಯಲ್ಲಿ ಗಿರಾಕಿಯ ಅಳತೆ ಇರುತ್ತದೆ. ಮುಂದಿನ ಸಲ ಅವರೇ ಬರಬೇಕೆಂದಿಲ್ಲ, ಹಳೇ ಅಂಗಿಯನ್ನೂ ಹೊಸ ಬಟ್ಟೆಯನ್ನೂ ಕಳಿಸಿದರೆ ಸಾಕು. ಇದು ಅಕ್ಕನೇ ಕಂಡುಹಿಡಿದ ಉಪಾಯ. ದಿನಕ್ಕೆ ಹತ್ತು ಸಲ ಬರೆಯುವುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಇನ್ನು ಹನ್ನೊಂದನೇ ಅಧ್ಯಾಯದ ಮಾತು.

ಎರಡು ಬೀದಿ ಆಚೆ ಒಂದು ಶಾಖಾ ಗ್ರಂಥಾಲಯವಿದೆ. ಅದನ್ನು ನೋಡಿಕೊಳ್ಳುವವರನ್ನು ನಾವು ಲೈಬ್ರರಿ ಮೇಡಂ ಎನ್ನುತ್ತೇವೆ. ಅಲ್ಲಿನ ಸಿಬ್ಬಂದಿಯ ನೀಲಿ ಕೋಟುಗಳನ್ನು ಹೊಲಿಯುವವರು ನಾವೇ. ಇಪ್ಪತ್ತು ವರ್ಷದ ಹಿಂದೆ ಅವರು ಟ್ರಯಲ್‌ಗೆ ಬಂದಾಗ ನಾನು ಮಾದರಿ ಕತ್ತರಿಸಲು ತಂದಿದ್ದ ಹಳೇ ಪತ್ರಿಕೆಯ ಅರ್ಧ ಹಾಳೆಯನ್ನು ಓದುತ್ತಿದ್ದೆ. "ಅರ್ಧ ಕತೆ ಓದಿ ಏನು ಮಾಡ್ತೀಯೇ? ನಾಳೆ ಬಾ, ಪೂರ್ತಿದು ಕೊಡ್ತೀನಿ," ಎಂದರು. ಕಾರ್ಡು ಮಾಡಿಸಿಕೊಟ್ಟರು. ನಾನು ಬರೆಯಲು ಶುರುಮಾಡಿದ ಮೇಲೆ ಓದಿ, ಇಲ್ಲಿ ಉದ್ದವಾಯ್ತು, ಅಲ್ಲಿ ಗಿಡ್ಡವಾಯ್ತು ಎಂದು ತಿದ್ದಿದವರೂ ಅವರೇ. ನನ್ನಲ್ಲಿ ಬರೆಯುವವಳು ಯಾರಾದರೂ ಇದ್ದರೆ ಅದು ಅವರು ಮಾಡಿದ್ದು.

ಒಂಬತ್ತು ವರ್ಷದ ಹಿಂದೆ ಅವರು ತರಬೇತಿಗೆ ಹೋಗುತ್ತೇನೆಂದು ಹೇಳಿ ಎರಡು ತಿಂಗಳು ಕಾಣಲಿಲ್ಲ. ಬಂದವರೇ ನೇರ ಪರದೆಯೊಳಗೆ ಹೋಗಿ, "ಎಡಗಡೆ ನೋಡ್ಕೊಂಡು ಅಳತೆ ತಗೋ. ನಿನ್ನಕ್ಕಂಗೂ ಹೇಳ್ಬೇಡ," ಎಂದರು. ಎಡ ಸ್ತನವನ್ನು ಆಪರೇಷನ್ ಮಾಡಿ ತೆಗೆದಿದ್ದರು. ಎಡತೋಳು ಊದಿಕೊಂಡು ಸುತ್ತಳತೆ ಒಂದೂವರೆ ಇಂಚು ಹೆಚ್ಚಾಗಿತ್ತು. ಕತ್ತರಿ ಹಿಡಿಯುವ ಅಕ್ಕನಿಗೆ, ತೋಳು ಊದಿದೆಯಂತೆ ಎಂದಷ್ಟೇ ಹೇಳಿದೆ. ಅಂಗಿಯ ಒಳಗೆ ನಾನು ಹತ್ತಿಯ ಪ್ಯಾಡು ಕೂರಿಸಿದೆ. ಅದು ಹಗುರವಾಗಿ ಮೇಲೇರುತ್ತಿತ್ತು. ಆಮೇಲೆ ಸಣ್ಣ ಗಾಜಿನ ಮಣಿಗಳನ್ನು ತುಂಬಿ ತೂಕ ಕೊಟ್ಟೆ. ಮೂರನೇ ಟ್ರಯಲ್‌ನಲ್ಲಿ ಸರಿಯಾಯಿತು. ಕನ್ನಡಿಯ ಮುಂದೆ ಅವರು ಬಲಕ್ಕೆ ತಿರುಗಿದರು, ಎಡಕ್ಕೆ ತಿರುಗಿದರು, ಒಂದು ಸಲ ಕುಪ್ಪಳಿಸಿಯೂ ನೋಡಿದರು. ಆಮೇಲೆ ನನ್ನ ಭುಜದ ಮೇಲೆ ಹಣೆ ಇಟ್ಟು ನಕ್ಕರು, ಅತ್ತರು.

ಅದನ್ನು ನಾನು ಬರೆದಿದ್ದೆ. ಅವರನ್ನು ಉದ್ದ ಜಡೆಯ ಬ್ಯಾಂಕ್ ಆಫೀಸರ್ ಮಾಡಿ, ವಯಸ್ಸು ಹತ್ತು ವರ್ಷ ಇಳಿಸಿ ಬರೆದಿದ್ದೆ. ಇಡೀ ಪುಸ್ತಕದಲ್ಲಿ ಚೆನ್ನಾಗಿರುವುದು ಅದೇ. ಅದೊಂದು ಅಧ್ಯಾಯವನ್ನು ಮಾತ್ರ ನಾನು ಅವರಿಗೆ ಮೊದಲೇ ತೋರಿಸಲಿಲ್ಲ, ಬರೆಯಲಾ ಎಂದು ಕೇಳಲೂ ಇಲ್ಲ. ಕೇಳಿದರೆ ಬೇಡ ಎನ್ನುತ್ತಾರೆ ಎಂದು ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಇದಕ್ಕೆ ಬೇರೆ ಬಣ್ಣ ಹಚ್ಚುವುದಿಲ್ಲ.

ಅಚ್ಚಾದ ಮೊದಲ ಪ್ರತಿಯನ್ನು ಅವರಿಗೇ ಕೊಟ್ಟೆ. ಮೂರು ದಿನದ ಮೇಲೆ ಅಂಗಡಿಯ ಮುಂದೆ ಹಾದು ಹೋಗುವಾಗ ನಿಂತರು. "ಓದಿದೆ," ಎಂದರು. ನನ್ನ ಮುಖ ನೋಡಿ, "ಯಾರಿಗೂ ಗೊತ್ತಾಗಲ್ಲ ತಾನೇ?" ಎಂದು ಕೇಳಿದರು.

"ದೇವರಾಣೆಗೂ ಇಲ್ಲ ಮೇಡಂ."

"ಸರಿ ಹಾಗಾದ್ರೆ. ಮುಂದಿನ ತಿಂಗಳು ನಮ್ಮ ಹಾಲ್‌ನಲ್ಲೇ ಒಂದು ಕಾರ್ಯಕ್ರಮ ಇಟ್ಕೊಳ್ಳೋಣ," ಎಂದು ಹೋದರು. ನಾನು ಗೆದ್ದೆ ಎಂದುಕೊಂಡೆ.

ಪುಸ್ತಕ ಬಂದರೆ ಆಯಿತು ಎಂದುಕೊಂಡಿದ್ದವಳಿಗೆ ಪ್ರಕಾಶಕರು ಬುದ್ಧಿ ಹೇಳಿದರು. "ಬರೆಯೋದು ಅರ್ಧ ಕೆಲಸ ಅಷ್ಟೇ. ಕೂತಲ್ಲೇ ಕೂತ್ರೆ ಯಾರು ಕೊಳ್ತಾರೆ? ದಿನಕ್ಕೊಂದು ಫೋಟೋ ಹಾಕಿ, ವಿಡಿಯೋ ಮಾಡಿ, ಗೊತ್ತಿರೋರಿಗೆಲ್ಲ ಮೆಸೇಜ್ ಕಳಿಸಿ." ಅಕ್ಕನಿಂದ ಫೋಟೋ ತೆಗೆಸಿದೆ. ಅವಳು ತೆಗೆದ ಚಿತ್ರದಲ್ಲಿ ನನ್ನ ತಲೆಯೇ ಇರಲಿಲ್ಲ, ಕಾಲರ್ ಮಾತ್ರ ಬಹಳ ಚೆನ್ನಾಗಿ ಬಂದಿತ್ತು. ಮಹಿಳಾ ಸಂಘವೊಂದರಲ್ಲಿ ಮಾತಾಡಲು ಕರೆದರು, ಏಳು ಜನ ಬಂದಿದ್ದರು. ಪ್ರಶ್ನೆ ಕೇಳಿ ಎಂದರೆ ಒಬ್ಬಾಕೆ ಎದ್ದು, ಹಳೇ ಗೌನಿನ ತೋಳು ಬಿಡಿಸಿ ಅಗಲ ಮಾಡಿಕೊಡ್ತೀರಾ ಎಂದು ಕೇಳಿದಳು. ಮೂರು ಪತ್ರಿಕೆಗೆ ಕಳಿಸಿದ ಪ್ರತಿಗಳ ಬಗ್ಗೆ ಕೇಳಬೇಡಿ.

"ಹೆತ್ತವರಿಗೆ ಹೆಗ್ಗಣ ಮುದ್ದು ಕಣೇ. ಬೇರೆಯೋರಿಗೂ ಮುದ್ದಾಗ್ಬೇಕು ಅಂದ್ರೆ ಹೆಂಗೆ?" ಎಂದು ಅಕ್ಕ ಸಮಾಧಾನ ಹೇಳಿದಳು. ಅದು ಸಮಾಧಾನವೋ ಚುಚ್ಚುಮಾತೋ ಈಗಲೂ ನನಗೆ ತಿಳಿದಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಬೇಕರಿಯಾಕೆ ಒಂದು ಕೈಯಲ್ಲಿ ನನ್ನ ಪುಸ್ತಕ, ಇನ್ನೊಂದರಲ್ಲಿ ಒಳಹೊರಗು ಮಾಡಿದ ಅಂಗಿ ಹಿಡಿದುಕೊಂಡು ನುಗ್ಗಿದಳು.

"ಐದನೇ ಅಧ್ಯಾಯ ನಾನೇ ತಾನೇ? ನೋಡು, ಹದಿನೈದು, ನಲವತ್ತೆರಡು, ಮೂವತ್ತೆಂಟೂವರೆ! ಪಟ್ಟೀಲೂ ಅದೇ, ಪುಸ್ತಕದಲ್ಲೂ ಅದೇ. ನನ್ನ ಯಾಕೆ ಹೂ ಮಾರೋಕೆ ಕೂರಿಸಿದ್ದೀಯ?"

ಬೈಯುತ್ತಾಳೆ ಎಂದುಕೊಂಡೆ. ಅವಳಿಗೆ ಹಿಗ್ಗೋ ಹಿಗ್ಗು. ಆರು ಪ್ರತಿ ಕೊಂಡು ತನ್ನ ನಾದಿನಿಯರಿಗೆಲ್ಲ ಹಂಚಿದಳು. ವಾರ ಕಳೆಯುವುದರೊಳಗೆ ಹೆಂಗಸರೆಲ್ಲ ಬೀರುವಿನ ಬಟ್ಟೆ ತೆಗೆದು ಒಳಪಟ್ಟಿ ಓದಲು ಶುರುಮಾಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕದಿಯದವರೂ ಮುಟ್ಟಿ ನೋಡಿಕೊಂಡರು. ಪುಸ್ತಕದಲ್ಲಿ ಇಲ್ಲದವರು, "ನನ್ನಲ್ಲಿ ಬರೆಯೋ ಅಂಥದ್ದು ಏನೂ ಇರ್ಲಿಲ್ವಾ?" ಎಂದು ಮುನಿಸಿಕೊಂಡರು. ಸಿಟ್ಟಾಗಿ ಬಂದವಳು ಒಬ್ಬಳೇ, ಅದೂ ತನ್ನ ಸೊಂಟ ಈಗ ಎರಡಿಂಚು ಇಳಿದಿದೆ, ಹಳೇ ಅಳತೆ ಹಾಕಿ ಮಾನ ಕಳೆದೆ ಎಂದು.

ಪ್ರಕಾಶಕರು ಕುಣಿದಾಡಿಬಿಟ್ಟರು. 'ನಿಮ್ಮ ಒಳಪಟ್ಟಿ ನೋಡಿಕೊಳ್ಳಿ, ನೀವೂ ಇದರಲ್ಲಿರಬಹುದು' ಎಂದು ಪೋಸ್ಟರ್ ಮಾಡಿಸಿ ಬಸ್ ನಿಲ್ದಾಣದವರೆಗೂ ಅಂಟಿಸಿದರು. ಪುಸ್ತಕ ಖಾಲಿಯಾಗುತ್ತಾ ಬಂತು. ನನಗೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆ ಹಿಗ್ಗಿನಲ್ಲಿ ಹನ್ನೊಂದನೇ ಅಧ್ಯಾಯ ನನ್ನ ತಲೆಗೆ ಬರಲು ಆರು ದಿನ ಬೇಕಾಯಿತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಕಾರ್ಯಕ್ರಮಕ್ಕೆ ಮೂರು ದಿನ ಇತ್ತು. ಮೇಡಂ ಜೇಬು ಹರಿದ ಒಂದು ನೀಲಿ ಕೋಟು ಕಳಿಸಿದ್ದರು. ಜೇಬು ಹಾಕಿ, ಇಸ್ತ್ರಿ ಮಾಡಲು ಕೋಟನ್ನು ಒಳಹೊರಗು ತಿರುಗಿಸಿದೆ. ಬಿಳಿ ಪಟ್ಟಿಯ ಮೇಲೆ ನನ್ನದೇ ಅಕ್ಷರದಲ್ಲಿ ಅಳತೆ. ಕೊನೆಯಲ್ಲಿ ಬಲತೋಳಿನ ಸುತ್ತಳತೆ ಹನ್ನೊಂದೂವರೆ, ಎಡತೋಳಿನದು ಹದಿಮೂರು. ಹನ್ನೊಂದನೇ ಅಧ್ಯಾಯದ ಮೊದಲ ಸಾಲೂ ಅದೇ. ಕತ್ತರಿ ತೆಗೆದು ಪಟ್ಟಿ ಕತ್ತರಿಸಿ ಹಾಕಿದೆ. ಆದರೆ ಮೇಡಮ್ಮಿಗೆ ಇನ್ನೊಂದು ಕೋಟಿತ್ತು, ಅದು ಲೈಬ್ರರಿಯ ಗೂಟದಲ್ಲಿ ನೇತಾಡುತ್ತಿರುತ್ತದೆ.

"ಎಲ್ಲಿಗೇ? ಇಸ್ತ್ರಿ ಪೆಟ್ಟಿಗೆ ಆರಿಸಿ ಹೋಗು!" ಎಂದು ಅಕ್ಕ ಕೂಗಿದ್ದು ಕೇಳಿಸಿತು. ನಾನಾಗಲೇ ಬೀದಿಯಲ್ಲಿದ್ದೆ.

ಕೌಂಟರಿನಲ್ಲಿ ಪುಸ್ತಕಕ್ಕೆ ಮುದ್ರೆ ಒತ್ತುತ್ತಿದ್ದಾಕೆ ನನಗೆ ಹಳೇ ಪರಿಚಯ, ನನ್ನ ವಾರಿಗೆಯವಳು. ನನ್ನನ್ನು ನೋಡಿದವಳೇ ಮುದ್ರೆ ಕೆಳಗಿಟ್ಟಳು.

"ನಾವು ನಾಲ್ಕೂ ಜನ ಕೋಟು ತಿರುಗಿಸಿ ನೋಡ್ಕೊಂಡ್ವಿ ಕಣೇ, ನಾವ್ಯಾರೂ ಇಲ್ಲ," ಎಂದಳು. ಆಮೇಲೆ ದನಿ ತಗ್ಗಿಸಿದಳು. "ಮೇಡಂ ಕೋಟೂ ಅಲ್ಲೇ ಇತ್ತು. ಸುಮ್ನೆ ತಮಾಷೆಗೆ ನೋಡಿದ್ವಿ. ನೋಡ್ಬಾರ್ದಿತ್ತು."

ನಾನು ಗೋಡೆಯ ಗೂಟದ ಕಡೆ ನೋಡಿದೆ. ಕೋಟು ಅಲ್ಲೇ ನೇತಾಡುತ್ತಿತ್ತು.

"ಒಂಬತ್ತು ವರ್ಷ, ಒಂದು ಮಾತು ಹೇಳ್ಲಿಲ್ವಲ್ಲ ಅವರು," ಎಂದು ಅವಳು ಕಣ್ಣೊರೆಸಿಕೊಂಡಳು. "ಆ ಕೈಯಲ್ಲಿ ಎಷ್ಟು ಕಟ್ಟು ಎತ್ತಿಸಿದ್ದೀವಿ. ಪಾಪ."

ಅಷ್ಟರಲ್ಲಿ ಕಪಾಟುಗಳ ನಡುವಿನಿಂದ ಮೇಡಂ ಹತ್ತು ಹನ್ನೆರಡು ಪುಸ್ತಕಗಳನ್ನು ಎದೆಗವಚಿಕೊಂಡು ಬಂದರು. ಕೌಂಟರಿನಾಕೆ ಎದ್ದು ಓಡಿ ಹೋಗಿ ಅವನ್ನು ಕಿತ್ತುಕೊಳ್ಳುವಂತೆ ತೆಗೆದುಕೊಂಡಳು. "ನೀವು ಬಿಡಿ ಮೇಡಂ, ನಾನು ತರ್ತೀನಿ. ನೀವು ಕೂತ್ಕೊಳಿ."

ಮೇಡಂ ಖಾಲಿ ಕೈಯಲ್ಲಿ ನಿಂತರು. ಅವಳ ಒದ್ದೆ ಕಣ್ಣು ನೋಡಿದರು, ಆಮೇಲೆ ಗೋಡೆಯ ಮೇಲಿನ ತಮ್ಮ ಕೋಟನ್ನು, ಆಮೇಲೆ ನನ್ನನ್ನು. ಯಾರೂ ಹೇಳದೆಯೇ ಅವರಿಗೆ ಎಲ್ಲ ತಿಳಿಯಿತು.

"ಭಾನುವಾರಕ್ಕೆ ಮೈಕ್ ಬೇಕಾಗುತ್ತಾ, ಗಂಟಲೇ ಸಾಕಾ?" ಎಂದು ಕೇಳಿದರು.

"ಸಾಕು ಮೇಡಂ," ಎಂದೆ.

ಭಾನುವಾರ ಹಾಲು ತುಂಬಿತ್ತು. ಪೋಸ್ಟರಿನ ಪ್ರಭಾವ. ಮೇಡಂ ಸ್ವಾಗತ ಮಾಡಿದರು, ನನ್ನನ್ನು ಪರಿಚಯಿಸಿದರು. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಹನ್ನೊಂದನೇ ಅಧ್ಯಾಯವನ್ನೇ ಓದಬೇಕೆಂದು ಪ್ರಕಾಶಕರು ಮೊದಲೇ ಹೇಳಿದ್ದರು. ನಾನು ಬೇಕರಿಯಾಕೆಯದನ್ನು ಓದಿದೆ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ಕೇಳಿದಳು.

"ಆ ಬ್ಯಾಂಕ್ ಆಫೀಸರ್ ನಿಜವಾಗ್ಲೂ ಇದ್ದಾರಾ? ಓದಿ ಎರಡು ದಿನ ನಿದ್ದೆ ಬರ್ಲಿಲ್ಲ ನಂಗೆ."

"ಇಲ್ಲಮ್ಮ, ಅದೊಂದು ಕಟ್ಟಿದ್ದು," ಎಂದೆ.

ಸಭೆಯಲ್ಲಿ ಅಯ್ಯೋ ಎಂಬ ಸಣ್ಣ ಸದ್ದು ಎದ್ದಿತು. ಪ್ರಕಾಶಕರು ಹಲ್ಲು ಕಚ್ಚಿಕೊಂಡರು. ಮೇಡಂ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಮುಗಿದ ಮೇಲೆ ಎಂದಿನಂತೆ ಅವರು ಕುರ್ಚಿ ಮಡಚಲು ಹೊರಟರು. ಸಿಬ್ಬಂದಿಯ ನಾಲ್ವರೂ ಒಟ್ಟಿಗೇ ಧಾವಿಸಿ ಬಂದು ಅವರ ಕೈಯಿಂದ ಕುರ್ಚಿ ತೆಗೆದುಕೊಂಡರು. ಅವರು ಮಡಚಲು ಏನೂ ಸಿಗದೆ ಬಾಗಿಲ ಬಳಿ ಹೋಗಿ ನಿಂತರು. ಆಚೆ ನನ್ನ ಸಹಿಗಾಗಿ ಸಾಲು ನಿಂತಿತ್ತು. ನಾನು ತಲೆ ಬಗ್ಗಿಸಿ ಸಹಿ ಹಾಕುತ್ತಾ ಹೋದೆ.

ಮಾರನೇ ದಿನ ಹನ್ನೊಂದು ಗಂಟೆಗೆ ಅವರು ಅಂಗಡಿಗೆ ಬಂದರು. ಪರದೆಯ ಒಳಗೆ ಬರಲಿಲ್ಲ, ಕಟಿಂಗ್ ಮೇಜಿನ ಆಚೆ ಗಿರಾಕಿಯ ಹಾಗೆ ನಿಂತರು.

"ನಿಮ್ಮ ಅಂಗಡಿಯ ಅಳತೆ ಪುಸ್ತಕದಲ್ಲಿ ನನ್ನ ಹಾಳೆ ಇದೆಯಲ್ಲ, ಅದನ್ನ ಹರಿದು ಕೊಡಿ," ಎಂದರು.

ಇಪ್ಪತ್ತು ವರ್ಷ ನೀನು ಎಂದು ಕರೆದವರು. ಅಕ್ಕನಿಗೂ ಅದು ಕೇಳಿಸಿತು, ಅವಳ ಕತ್ತರಿ ನಿಂತಿತು.

"ಮೇಡಂ, ಎರಡನೇ ಮುದ್ರಣ ಆಗ್ತಿದೆ," ಎಂದೆ. "ಆ ಅಧ್ಯಾಯ ತೆಗೆಸ್ತೀನಿ. ಇವತ್ತೇ ಹೇಳ್ತೀನಿ ಅವರಿಗೆ."

"ಬೇಡ. ತೆಗೆದ್ರೆ ಯಾಕೆ ತೆಗೆದ್ರು ಅಂತ ಹುಡುಕ್ತಾರೆ. ಗೊತ್ತಿಲ್ದೋರಿಗೂ ಗೊತ್ತಾಗುತ್ತೆ."

"ಅಂಕಿ ಆದ್ರೂ ಬದಲಾಯಿಸ್ತೀನಿ."

"ಈಗಲಾ?" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ತಪ್ಪಾಯ್ತು ಮೇಡಂ. ನಿಮ್ಮನ್ನ ಕೇಳ್ಬೇಕಿತ್ತು."

"ಚೆನ್ನಾಗಿ ಬರೆದಿದ್ದೀರಿ," ಎಂದರು. "ಸುಳ್ಳು ಹೇಳ್ತಿಲ್ಲ. ನಾನು ಓದಿದ ಎಷ್ಟೋ ಪುಸ್ತಕಕ್ಕಿಂತ ಚೆನ್ನಾಗಿದೆ ಆ ಹತ್ತು ಪುಟ. ಲೈಬ್ರರೀಲಿ ಅದು ಇರುತ್ತೆ, ಯಾರು ಕೇಳಿದ್ರೂ ಕೊಡ್ತೀನಿ. ಆದ್ರೆ ಒಂಬತ್ತು ವರ್ಷ ನನ್ನ ನೋಡಿ ಯಾರೂ ಪಾಪ ಅಂದಿರ್ಲಿಲ್ಲ. ಜಗಳ ಆಡೋರು, ನನ್ನ ಬೆನ್ನ ಹಿಂದೆ ಬೈಯೋರು, ಭಾರ ಎತ್ತಿಸೋರು. ಈಗ ನನ್ನ ಕೈಲಿ ಒಂದು ಪೆನ್ನೂ ಎತ್ತೋಕೆ ಬಿಡ್ತಿಲ್ಲ. ಅವರು ಒಳ್ಳೆಯವರೇ, ಅದಕ್ಕೆ ಹೀಗೆ ಮಾಡ್ತಾರೆ. ಅವರನ್ನ ಬೈಯೋಕೂ ಆಗಲ್ಲ ನಂಗೆ."

ಅಕ್ಕ ಅಳತೆ ಪುಸ್ತಕ ತೆಗೆದಳು. ಅವಳಿಗೆ ಒಂಬತ್ತು ವರ್ಷದಿಂದ ಗೊತ್ತಿಲ್ಲದ್ದು ಆ ಹೊತ್ತಿಗೆ ಗೊತ್ತಾಗಿರಬೇಕು. ಸ್ಕೇಲು ಇಟ್ಟು ಹಾಳೆಯನ್ನು ನೇರವಾಗಿ ಹರಿದು ಎರಡೂ ಕೈಯಲ್ಲಿ ಕೊಟ್ಟಳು. ಹಾಳೆಯನ್ನು ಕೊಟ್ಟರೆ ಗಿರಾಕಿಯನ್ನು ಕಳಿಸಿಕೊಟ್ಟ ಹಾಗೆ. ನಮ್ಮ ಅಂಗಡಿಯಲ್ಲಿ ಹಾಗೆ ಎಂದೂ ಆಗಿರಲಿಲ್ಲ.

ಇನ್ನು ಅವರು ಬೇರೆ ಯಾವುದೋ ಅಂಗಡಿಯಲ್ಲಿ, ಯಾವುದೋ ಪರದೆಯ ಒಳಗೆ, ಗುರುತಿಲ್ಲದವಳ ಎದುರು ಅಂಗಿ ಬಿಚ್ಚಿ ಮತ್ತೆ ಮೊದಲಿನಿಂದ ಹೇಳಬೇಕು. ಎಲ್ಲಿ ಪ್ಯಾಡು, ಯಾಕೆ ಪ್ಯಾಡು, ಎಷ್ಟು ತೂಕ. ನಾನು ಮಾಡಬಹುದಾದದ್ದು ಒಂದೇ ಒಂದು ಹೊಳೆಯಿತು. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡೆ.

"ಎಡಗಡೆ ಹೇಗೆ ಕೂರಿಸ್ಬೇಕು ಅಂತ ಒಂದು ಚೀಟೀಲಿ ಬರೆದುಕೊಡ್ಲಾ ಮೇಡಂ? ನೀವು ಬಾಯಿಬಿಟ್ಟು ಹೇಳೋದು ತಪ್ಪುತ್ತೆ."

ಅವರು ನನ್ನ ಕೈಯಲ್ಲಿದ್ದ ಪೆನ್ನು ನೋಡಿದರು.

"ಬೇಡಮ್ಮ," ಎಂದರು. "ನೀವು ಬರೆದದ್ದು ಸಾಕು."

ಹಾಳೆಯನ್ನು ನಾಲ್ಕಾಗಿ ಮಡಚಿ ಕೈಚೀಲದಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಹೋದರು.